ಸಾಸಿವೆಯಷ್ಟು ಸಂಶಯ

2012ರ ಜುಲೈ 5. ಹಾಸನದ ನಮ್ಮ ಮನೆಯ ಅಡುಗೆಮನೆ. ಒಗ್ಗರಣೆ ಸೌಟಿನಲ್ಲಿ ಎಣ್ಣೆ ಕಾಯಿಸಿ, ಸಾಸಿವೆ ಹಾಕಿ, ಅದು ಸಿಡಿಯುವುದನ್ನು ಕಾಯುತ್ತಾ ನಿಂತಿದ್ದೆ. ಅತ್ತೆ ಕನ್ನಡಕವನ್ನು ಹಣೆಗೇರಿಸಿಕೊಂಡು, ಪೇಪರ್ ಹಿಡಿದು ಒಳಗೆ ಬಂದರು. ಹಿಂದಿನ ದಿನ ಜಿನೀವಾದಲ್ಲಿ 'ದೇವಕಣ' ಸಿಕ್ಕಿದ ಸುದ್ದಿ ಅದರಲ್ಲಿತ್ತು.

"ದೇವರ ಕಣ ಸಿಕ್ತಂತಲ್ಲೇ. ನೀನು ಪಾಠ ಮಾಡೋದು ಇದನ್ನೇ ತಾನೆ? ನೋಡಕ್ಕೆ ಹೇಗಿದೆಯಂತೆ?"

"ಯಾರೂ ನೋಡಿಲ್ಲ ಅತ್ತೆ. ನೋಡಕ್ಕಾಗಲ್ಲ. ಹುಟ್ಟಿದ ಕ್ಷಣವೇ ಒಡೆದು ಬೇರೆ ಏನೋ ಆಗಿಬಿಡುತ್ತೆ."

"ಮತ್ತೆ ಇದೆ ಅಂತ ಹೇಗೆ ಹೇಳ್ತಾರೆ?"

"ಅದು ಬಿಟ್ಟುಹೋದ ಗುರುತು ನೋಡಿ."

ಅತ್ತೆ ಪೇಪರ್ ಮಡಚಿ ಕಟ್ಟೆಯ ಮೇಲಿಟ್ಟರು. "ನಾನೂ ದೇವರನ್ನ ನೋಡಿಲ್ಲಮ್ಮ. ಗುರುತು ನೋಡಿದೀನಿ. ನಿನ್ನ ನಂಬಿಕೆಗೂ ನನ್ನ ನಂಬಿಕೆಗೂ ಏನು ವ್ಯತ್ಯಾಸ, ಹೇಳು."

ಸಾಸಿವೆ ಸೀದು ಕಪ್ಪಾಯಿತು. ಪಿಯು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷ ಭೌತಶಾಸ್ತ್ರ ಹೇಳಿಕೊಟ್ಟವಳ ಬಳಿ ಆ ಹೊತ್ತು ಉತ್ತರ ಇರಲಿಲ್ಲ. ಅತ್ತೆ ಓದಿದ್ದು ನಾಲ್ಕನೇ ತರಗತಿ. ಪ್ರಶ್ನೆ ಮಾತ್ರ ತತ್ತ್ವಶಾಸ್ತ್ರದ ಬೇರಿಗೇ ತಾಗಿತ್ತು. ಕಾಣದ್ದನ್ನು ನಂಬುವುದಕ್ಕೂ ಕಾಣದ್ದನ್ನು ತಿಳಿಯುವುದಕ್ಕೂ ನಡುವೆ ಗೆರೆ ಎಲ್ಲಿದೆ?

ಆ ಹೆಸರಿನ ವಿಚಾರ ಮೊದಲು ಮುಗಿಸುತ್ತೇನೆ. 'ದೇವಕಣ' ಎಂಬುದು ಅಮೆರಿಕದ ಭೌತವಿಜ್ಞಾನಿ ಲಿಯಾನ್ ಲೆಡರ್‌ಮನ್ 1993ರಲ್ಲಿ ತಂದ ಪುಸ್ತಕದ ಶೀರ್ಷಿಕೆಯಿಂದ ಹರಡಿದ ಮಾತು. 1964ರಲ್ಲೇ ಅಂಥದ್ದೊಂದು ಕಣ ಇರಬೇಕು ಎಂದು ಬರೆದಿದ್ದ ಪೀಟರ್ ಹಿಗ್ಸ್ ಅವರಿಗೆ ಆ ಹೆಸರು ಎಂದೂ ಹಿಡಿಸಲಿಲ್ಲ. ನನಗೂ ಹಿಡಿಸುವುದಿಲ್ಲ. ದೇವರನ್ನು ನಂಬುವವರಿಗೂ ನಂಬದವರಿಗೂ ಅದರಿಂದ ಅನ್ಯಾಯವಾಗಿದೆ. ಕಣ ಸಿಕ್ಕರೆ ದೇವರು ಇದ್ದಾನೆ, ಸಿಗದಿದ್ದರೆ ಇಲ್ಲ ಎನ್ನುವಷ್ಟು ಸಣ್ಣ ಮಾತಲ್ಲ ದೇವರ ಮಾತು. ಆ ಕಣವೂ ಯಾವ ದೇವರ ಪರವಾಗಿಯೂ ಸಾಕ್ಷಿ ಹೇಳಲು ಬಂದದ್ದಲ್ಲ.

ಇಂಥ ಕಣಗಳನ್ನು ಹುಡುಕುವ ಯಂತ್ರದ ಕೆಲಸ ವಿವರಿಸುವಾಗ ತರಗತಿಯಲ್ಲಿ ನಾನು ಸೈಕಲ್ ಟೈರಿನಿಂದ ಶುರುಮಾಡುತ್ತಿದ್ದೆ. ಹಳೇ ಟೈರನ್ನು ಕೋಲಿನಿಂದ ತಟ್ಟುತ್ತಾ ಬೀದಿಯಲ್ಲಿ ಓಡಿಸಿದ ಹುಡುಗರಿಗೆ ಒಂದು ವಿಷಯ ಕೈಗೇ ಗೊತ್ತಿರುತ್ತದೆ. ಒಂದೇ ಏಟಿಗೆ ಟೈರು ಓಡುವುದಿಲ್ಲ, ಬಿದ್ದುಹೋಗುತ್ತದೆ. ಹೊತ್ತು ನೋಡಿ ಸಣ್ಣ ಸಣ್ಣ ಏಟು ಕೊಡುತ್ತಾ ಹೋದರೆ ಓಟ ಏರುತ್ತದೆ. ಕಣವೇಗವರ್ಧಕದಲ್ಲಿ ಕೋಲಿನ ಕೆಲಸ ವಿದ್ಯುತ್ ಕ್ಷೇತ್ರದ್ದು. ಜಿನೀವಾದ ಬಳಿ, ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸ್ ಗಡಿಯ ಅಡಿಯಲ್ಲಿ 27 ಕಿಲೋಮೀಟರ್ ಸುತ್ತಳತೆಯ ಸುರಂಗವಿದೆ. ಅದರೊಳಗಿನ ಲಾರ್ಜ್ ಹ್ಯಾಡ್ರಾನ್ ಕೊಲೈಡರ್‌ನಲ್ಲಿ ಪ್ರೋಟಾನ್‌ಗಳ ಎರಡು ಧಾರೆ ಎದುರುಬದುರಾಗಿ ಸುತ್ತುತ್ತವೆ. ಪ್ರತಿ ಧಾರೆಗೂ ಏಟು ಕೊಡಲು ಎಂಟು ಲೋಹದ ಗೂಡುಗಳಿವೆ. ಅವುಗಳೊಳಗೆ ವಿದ್ಯುತ್ ಕ್ಷೇತ್ರ ಸೆಕೆಂಡಿಗೆ 40 ಕೋಟಿ ಸಲ ತಿರುವುಮುರುವಾಗುತ್ತದೆ. ಪ್ರೋಟಾನ್‌ಗಳ ಗುಂಪು ಸರಿಯಾದ ಹೊತ್ತಿಗೆ ಬಂದರೆ ತಳ್ಳು ಸಿಗುತ್ತದೆ, ಹೊತ್ತು ತಪ್ಪಿದರೆ ಇಲ್ಲ. ಹೀಗೆ ಒಂದು ಸೆಕೆಂಡಿನಲ್ಲಿ 11,245 ಸುತ್ತು.

ತಳ್ಳುವುದು ವಿದ್ಯುತ್, ತಿರುಗಿಸುವುದು ಕಾಂತ. 15 ಮೀಟರ್ ಉದ್ದದ, ಒಂದೊಂದೂ 35 ಟನ್ ತೂಗುವ 1,232 ಕಾಂತಗಳು ಧಾರೆಯನ್ನು ಬಾಗಿಸಿ ದಾರಿಯಲ್ಲಿಡುತ್ತವೆ. ತಂತಿ ಅತಿವಾಹಕವಾಗಲು ದ್ರವ ಹೀಲಿಯಂನಿಂದ ಅವನ್ನು ಸೊನ್ನೆಗಿಂತ 271 ಡಿಗ್ರಿ ಸೆಲ್ಸಿಯಸ್ ಕೆಳಗೆ ತಣಿಸಿಡುತ್ತಾರೆ. ನಕ್ಷತ್ರಗಳ ನಡುವಿನ ಬಯಲಿಗಿಂತ ಹೆಚ್ಚಿನ ಚಳಿ ಅದು. ಯಂತ್ರ ತುಂಬಿ ಓಡುವಾಗ ಎರಡೂ ಧಾರೆಗಳ ಪ್ರೋಟಾನ್‌ಗಳನ್ನೆಲ್ಲ ಕೂಡಿಸಿ ತೂಗಿದರೂ ಅತ್ತೆಯ ಸಾಸಿವೆ ಡಬ್ಬಿಯ ಒಂದು ಕಾಳಿನ ಹತ್ತು ಲಕ್ಷದಲ್ಲೊಂದು ಪಾಲೂ ಆಗುವುದಿಲ್ಲ. ಆದರೆ ಅಷ್ಟರಲ್ಲಿ ಇರುವ ಶಕ್ತಿ, ನೂರಾರು ಟನ್ ಭಾರದ ರೈಲೊಂದು ಪೂರ್ತಿ ವೇಗದಲ್ಲಿ ಓಡುವಾಗಿನ ಶಕ್ತಿಗೆ ಸಮ.

ಸಾಸಿವೆ ಎಂದಾಗಲೆಲ್ಲ ನನಗೆ ನ್ಯಾಯ-ವೈಶೇಷಿಕರ ವಾದವೊಂದು ನೆನಪಾಗುತ್ತದೆ. ವಸ್ತುವನ್ನು ಒಡೆಯುತ್ತಾ ಹೋದರೆ ಎಲ್ಲೋ ಒಂದು ಕಡೆ ನಿಲ್ಲಲೇಬೇಕು ಎಂದರು ಅವರು. ನಿಲ್ಲದಿದ್ದರೆ ಸಾಸಿವೆಗೂ ಅನಂತ ಭಾಗ, ಮೇರುಪರ್ವತಕ್ಕೂ ಅನಂತ ಭಾಗ. ಎರಡೂ ಒಂದೇ ಅಳತೆ ಎನ್ನಬೇಕಾಗುತ್ತದೆ. ಹಾಗಾಗಿ ಒಡೆಯಲಾರದ ಪರಮಾಣು ಇದೆ ಎಂದು ತೀರ್ಮಾನಿಸಿದರು. ಎಂಥ ಚಂದದ ವಾದ! ಕೈಯಲ್ಲಿ ಒಂದು ಉಪಕರಣವೂ ಇಲ್ಲದೆ, ಬರೀ ಯೋಚನೆಯಿಂದ ಅಲ್ಲಿವರೆಗೆ ಹೋದರು. ಆದರೆ ಯೋಚನೆ ಅಲ್ಲಿಗೇ ನಿಂತಿತು. ಮುಂದೆ ಒಡೆದು ನೋಡುವ ದಾರಿ ಅವರಿಗಿರಲಿಲ್ಲ.

ಛಾಂದೋಗ್ಯ ಉಪನಿಷತ್ತಿನ ಉದ್ದಾಲಕ ಮಗ ಶ್ವೇತಕೇತುವಿಗೆ ಒಡೆದೇ ನೋಡೆಂದ. ಆಲದ ಹಣ್ಣು ತಾ, ಒಡೆ, ಏನು ಕಾಣುತ್ತದೆ? ಬೀಜ. ಬೀಜವನ್ನೂ ಒಡೆ, ಏನು ಕಾಣುತ್ತದೆ? ಏನೂ ಇಲ್ಲ. ಆ ಕಾಣದ ಸೂಕ್ಷ್ಮದಿಂದಲೇ ಇಷ್ಟು ದೊಡ್ಡ ಮರ ನಿಂತಿದೆ ಎಂದ ತಂದೆ. ಇದನ್ನು ಹಿಡಿದುಕೊಂಡು, ಆ ಕಣದ ಹಿಂದಿನ ಹಿಗ್ಸ್ ಕ್ಷೇತ್ರ ನಮ್ಮ ಋಷಿಗಳಿಗೆ ಗೊತ್ತಿತ್ತು ಎಂದು ಸಭೆಗಳಲ್ಲಿ ಹೇಳುವವರನ್ನು ಕಂಡಿದ್ದೇನೆ. ಅದು ಸುಳ್ಳು. ಉದ್ದಾಲಕ ಹೇಳಹೊರಟದ್ದು ಆತ್ಮದ ಮಾತು. ಅದನ್ನು ಅವನಿಂದ ಕಿತ್ತು ಬೇರೆಲ್ಲಿಗೋ ಅಂಟಿಸಿದರೆ ಉಪನಿಷತ್ತೂ ಬಡವಾಗುತ್ತದೆ, ಭೌತಶಾಸ್ತ್ರವೂ ಬಡವಾಗುತ್ತದೆ.

ಆದರೂ ಆ ಕಥೆ ನನಗೆ ಒಂದು ವಿಷಯದಲ್ಲಿ ಕಣ್ಣು ತೆರೆಸಿತು. ವೇಗವರ್ಧಕ ಎಂದರೆ ಒಡೆಯುವ ಯಂತ್ರ, ತೆಂಗಿನಕಾಯಿ ಒಡೆದ ಹಾಗೆ ಪ್ರೋಟಾನ್ ಒಡೆದು ಒಳಗಿದ್ದದ್ದನ್ನು ಹೊರತೆಗೆಯುತ್ತಾರೆ ಎಂದೇ ನಾನು ಎಷ್ಟೋ ವರ್ಷ ಪಾಠ ಮಾಡಿದ್ದೆ. ಅದು ಅರ್ಧ ಮಾತ್ರ ಸರಿ. ಹಿಗ್ಸ್ ಕಣ ಪ್ರೋಟಾನಿನ ಒಳಗೆ ಕೂತಿರಲಿಲ್ಲ. ಅದರ ತೂಕ ಪ್ರೋಟಾನಿನ ತೂಕದ 130 ಪಟ್ಟಿಗಿಂತ ಹೆಚ್ಚು, ಕೂರುವುದಾದರೂ ಹೇಗೆ? ಡಿಕ್ಕಿಯ ಶಕ್ತಿಯೇ ಅಲ್ಲಿ ಹೊಸ ವಸ್ತುವಾಗಿ ಮೈತಾಳುತ್ತದೆ. ಬಯಲೆಲ್ಲ ತುಂಬಿಕೊಂಡಿರುವ ಹಿಗ್ಸ್ ಕ್ಷೇತ್ರವನ್ನು ಅಷ್ಟು ಜೋರಾಗಿ ಅಲುಗಿಸಿದಾಗ ಏಳುವ ಒಂದು ಅಲೆಯೇ ಆ ಕಣ. ಬೀಜದೊಳಗೆ ಮರ ಪುಟ್ಟದಾಗಿ ಮಡಚಿಕೊಂಡು ಕೂತಿರುವುದಿಲ್ಲ ಎಂಬುದು ಶ್ವೇತಕೇತುವಿಗೆ ಗೊತ್ತಾದ ಹಾಗೆ, ನನಗೂ ತಡವಾಗಿ ಗೊತ್ತಾಯಿತು.

ಹಾಗಾದರೆ ಅಲ್ಲಿ ಏನನ್ನು ಕಂಡರು? ಸುಮಾರು ನೂರು ಕೋಟಿ ಡಿಕ್ಕಿಗಳಲ್ಲಿ ಒಂದರಲ್ಲಿ ಹಿಗ್ಸ್ ಹುಟ್ಟುತ್ತದೆ. ಹುಟ್ಟಿದ್ದರಲ್ಲಿ ಸಾವಿರಕ್ಕೆ ಎರಡರಷ್ಟು ಮಾತ್ರ ಎರಡು ಫೋಟಾನ್‌ಗಳಾಗಿ ಒಡೆಯುತ್ತವೆ. ಆ ಜೋಡಿಗಳ ಶಕ್ತಿಯಿಂದ ಲೆಕ್ಕ ಹಾಕಿ ಗೆರೆ ಎಳೆದಾಗ, ಶಕ್ತಿಯ ಅಳತೆಯಲ್ಲಿ 125 ಜಿಇವಿ ಎಂಬ ಜಾಗದಲ್ಲಿ ಗೆರೆ ಒಂದಿಷ್ಟು ಉಬ್ಬಿತ್ತು. ಇದರಂತೆಯೇ ಬೇರೆ ದಾರಿಗಳಲ್ಲಿ ಒಡೆದದ್ದರ ಲೆಕ್ಕವೂ ಅಲ್ಲಿಗೇ ಬಂತು. 1964ರಲ್ಲಿ ಕಾಗದದ ಮೇಲೆ ಬರೆದದ್ದಕ್ಕೆ 48 ವರ್ಷದ ಮೇಲೆ ಸಿಕ್ಕಿದ ಗುರುತು ಇಷ್ಟೇ.

ನಮ್ಮ ನೈಯಾಯಿಕರು ಇದನ್ನು ಅನುಮಾನ ಎನ್ನುತ್ತಿದ್ದರು. ಬೆಟ್ಟದ ಮೇಲೆ ಹೊಗೆ ಇದೆ, ಆದ್ದರಿಂದ ಬೆಂಕಿ ಇದೆ. ಆದರೆ ನಾನು ಹುಟ್ಟಿ ಬೆಳೆದದ್ದು ಸಕಲೇಶಪುರದ ಕಡೆ. ಅಲ್ಲಿ ಬೆಳಗಿನ ಹೊತ್ತು ಕಣಿವೆಯಿಂದ ಏಳುವ ಮಂಜೂ, ತೋಟದಲ್ಲಿ ಯಾರೋ ತರಗು ಸುಟ್ಟ ಹೊಗೆಯೂ ದೂರಕ್ಕೆ ಒಂದೇ ಥರ ಕಾಣುತ್ತವೆ. ಚಿಕ್ಕಂದಿನಲ್ಲಿ ಒಮ್ಮೆ ನಮ್ಮ ಕಾಫಿ ಗೋದಾಮಿಗೆ ಬೆಂಕಿ ಬಿತ್ತೆಂದು ಕೂಗುತ್ತಾ ಓಡಿದ್ದೆ. ಅಪ್ಪಯ್ಯ ನನ್ನನ್ನು ಜಗಲಿಯಲ್ಲಿ ಕೂರಿಸಿ, "ಬಿಸಿಲು ಏರೋವರೆಗೂ ನೋಡು" ಎಂದರು. ಎಂಟು ಗಂಟೆಗೆ ಮಂಜು ಕರಗಿಹೋಯಿತು. ಹೊಗೆಯಾಗಿದ್ದರೆ ಕರಗುತ್ತಿರಲಿಲ್ಲ.

2015ರ ಡಿಸೆಂಬರಿನಲ್ಲಿ ಜಿನೀವಾದಲ್ಲಿ ಅಂಥದ್ದೇ ಒಂದು ಮಂಜು ಎದ್ದಿತು. ಅಟ್ಲಾಸ್ ಮತ್ತು ಸಿಎಂಎಸ್ ಎಂಬ ಎರಡೂ ಶೋಧಕಗಳ ಲೆಕ್ಕದಲ್ಲಿ 750 ಜಿಇವಿ ಬಳಿ ಹೊಸ ಉಬ್ಬು. ಗೊತ್ತಿರುವ ಯಾವ ಕಣವೂ ಅಲ್ಲಿಲ್ಲ. ಪ್ರಪಂಚದ ಸೈದ್ಧಾಂತಿಕರು ನೂರಾರು ಪ್ರಬಂಧ ಬರೆದರು. ಅಳೆದವರು ಮಾತ್ರ ಕಣ ಸಿಕ್ಕಿದೆ ಎನ್ನಲಿಲ್ಲ. ಇನ್ನಷ್ಟು ಡಿಕ್ಕಿಗಳಾಗಲಿ ಎಂದರು.

ಅದೇ ಹೊತ್ತಿಗೆ ನಮ್ಮ ಮನೆಗೆ ಬೇರೊಂದು ಸುದ್ದಿ ಬಂತು. ಅತ್ತೆಗೆ ಬಾಯಿಯ ಕ್ಯಾನ್ಸರ್. ನಲವತ್ತು ವರ್ಷದ ಎಲೆಅಡಿಕೆ, ಹೊಗೆಸೊಪ್ಪು. ಆಪರೇಷನ್ ಆದ ಮೇಲೆ 2016ರ ಜೂನಿನಿಂದ ಮೈಸೂರಿನ ಆಸ್ಪತ್ರೆಯೊಂದರಲ್ಲಿ ಮೂವತ್ತು ದಿನ ಕರೆಂಟು ಕೊಡಿಸಬೇಕೆಂದರು. ನಮ್ಮ ಕಡೆ ಎಲ್ಲರೂ ರೇಡಿಯೇಷನ್‌ಗೆ ಕರೆಂಟು ಎಂದೇ ಹೇಳುವುದು. ಆ ಮಾತು ಸರಿಯೇ ಇದೆ ಎಂದು ನನಗೆ ಅನ್ನಿಸುತ್ತದೆ. ಆ ಯಂತ್ರವೂ ಒಂದು ವೇಗವರ್ಧಕ, ಲಿನ್ಯಾಕ್. ಆಳುದ್ದವೂ ಇಲ್ಲದ ತಾಮ್ರದ ಕೊಳವೆಯಲ್ಲಿ ಎಲೆಕ್ಟ್ರಾನ್‌ಗಳನ್ನು ಓಡಿಸಿ ಟಂಗ್‌ಸ್ಟನ್ ಬಿಲ್ಲೆಗೆ ಬಡಿಸುತ್ತಾರೆ. ಅಲ್ಲಿಂದ ಹೊಮ್ಮುವ ಎಕ್ಸ್-ಕಿರಣವೇ ಔಷಧ. ಪ್ರಪಂಚದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ವೇಗವರ್ಧಕಗಳಿವೆ. ಅವುಗಳಲ್ಲಿ ಬಹುಪಾಲು ಇಂಥ ಆಸ್ಪತ್ರೆ, ಕಾರ್ಖಾನೆಗಳಲ್ಲಿ ದುಡಿಯುತ್ತಿವೆ.

ಮೊದಲ ದಿನ ಅತ್ತೆಗೆ ಮುಖವಾಡ ಮಾಡಿದರು. ಬಿಳಿ ಪ್ಲಾಸ್ಟಿಕ್ಕಿನ ಜಾಲರಿಯನ್ನು ಬಿಸಿನೀರಿನಲ್ಲಿ ಅದ್ದಿ ಮೆತ್ತಗಾಗಿಸಿ, ಮುಖದ ಮೇಲೆ ಹಾಸಿ, ಮೂಗು, ಹುಬ್ಬು, ಗಲ್ಲದ ಮೇಲೆಲ್ಲ ಬೆರಳಿನಿಂದ ಒತ್ತಿದರು. ತಣ್ಣಗಾದ ಮೇಲೆ ಅದು ಅತ್ತೆಯ ಮುಖವೇ ಆಗಿತ್ತು, ಗಲ್ಲದ ಗುಳಿಯ ಸಮೇತ. ದಿನವೂ ಅದನ್ನು ಮುಖಕ್ಕೆ ಕೂರಿಸಿ ಮೇಜಿಗೆ ಬಿಗಿಯುತ್ತಿದ್ದರು, ತಲೆ ಕೂದಲೆಳೆಯಷ್ಟೂ ಸರಿಯಬಾರದೆಂದು. ಅತ್ತೆ ಹೊರಗೆ ಬಂದು ಚೀಟಿಯಲ್ಲಿ ಬರೆದು ತೋರಿಸಿದರು, ಮಾತಾಡಲು ಆಗುತ್ತಿರಲಿಲ್ಲ: "ಹಬ್ಬದ ದಿನ ದೇವರಿಗೆ ಬೆಳ್ಳಿ ಮುಖವಾಡ ಹಾಕ್ತಾರಲ್ಲ, ಹಾಗೆ."

ಒಂದು ದಿನ ನಾವು ಬೇಗ ಹೋಗಿಬಿಟ್ಟೆವು, ಏಳು ಗಂಟೆಗೇ. ಒಳಗೆ ರೋಗಿಗಳು ಯಾರೂ ಇರಲಿಲ್ಲ. ದಪ್ಪ ಬಾಗಿಲು ತೆರೆದಿತ್ತು. ಅತ್ತೆ ಮಲಗುವ ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಚಪ್ಪಡಿಗಳನ್ನು ಒಂದರ ಮೇಲೊಂದು ಜೋಡಿಸಿ, ನಡುವೆ ಬೆರಳು ಗಾತ್ರದ ಅಳತೆಯ ಸಾಧನ ಇಟ್ಟು, ಇಪ್ಪತ್ತಾರು-ಇಪ್ಪತ್ತೇಳರ ಹುಡುಗನೊಬ್ಬ ಹೊರಗೆ ಬಂದು ಯಂತ್ರ ಓಡಿಸಿದ. ಅಂಕಿ ಬರೆದುಕೊಂಡ. ಮತ್ತೆ ಒಳಗೆ ಹೋದ, ಮತ್ತೆ ಓಡಿಸಿದ.

"ಏನಾದ್ರೂ ಕೆಟ್ಟಿದೆಯಾ?" ಎಂದು ಕೇಳಿದೆ. ಹೆದರಿಕೆಯಾಗಿತ್ತು.

"ಇಲ್ಲ ಮೇಡಂ. ದಿನಾ ಬೆಳಿಗ್ಗೆ ಇದು ಇದ್ದದ್ದೇ. ಮೊದಲು ಇದರ ಮೇಲೆ ಅಳೆದು, ಸರಿ ಇದೆ ಅಂದ್ಮೇಲೇ ಪೇಷಂಟು."

"ನಿನ್ನೆ ಸರಿ ಇತ್ತಲ್ಲ?"

"ನಿನ್ನೇದು ನಿನ್ನೆಗಾಯ್ತು ಮೇಡಂ."

ಬೆಂಚಿನ ಮೇಲೆ ಬಂದು ಕೂತೆ. ಅತ್ತೆಯ ನಾಲ್ಕು ವರ್ಷದ ಹಿಂದಿನ ಪ್ರಶ್ನೆಗೆ ಉತ್ತರ ನನಗೆ ಹೊಳೆದದ್ದು ಅಲ್ಲಿ, ಆ ಬೆಂಚಿನ ಮೇಲೆ. ಆ ಹುಡುಗನಿಗೆ ಯಂತ್ರದ ಮೇಲೆ ಅಪನಂಬಿಕೆ ಇರಲಿಲ್ಲ. ಅಪನಂಬಿಕೆ ಇದ್ದಿದ್ದರೆ ಅತ್ತೆಯನ್ನು ಅದರ ಕೆಳಗೆ ಮಲಗಿಸುತ್ತಲೇ ಇರಲಿಲ್ಲ. ಮಲಗುವವರ ಮೇಲಿನ ಕಾಳಜಿಯೇ ಅವನನ್ನು ದಿನ ಬೆಳಗಾದರೆ ಸಂಶಯಪಡುವ ಹಾಗೆ ಮಾಡಿತ್ತು. ನಂಬಿಕೆಗೆ ಸಂಶಯ ಶತ್ರು ಎಂದು ನಾನು ಚಿಕ್ಕಂದಿನಿಂದ ಕೇಳುತ್ತಾ ಬಂದವಳು. ಇಲ್ಲಿ ಸಂಶಯವೇ ಸೇವೆಯಾಗಿತ್ತು.

ಅಂದಿನಿಂದ, ಜಿನೀವಾದ ಆ ಯಂತ್ರ ನಡೆಸುವ ಸಂಸ್ಥೆಯಾದ ಸರ್ನ್‌ನ ಕೆಲಸವನ್ನು ನಾನು ಬೇರೆ ಥರ ಓದತೊಡಗಿದೆ. ಅಟ್ಲಾಸ್, ಸಿಎಂಎಸ್ ಎಂದು ಎರಡು ಶೋಧಕ ಯಾಕೆ? ಒಬ್ಬರ ತಪ್ಪನ್ನು ಇನ್ನೊಬ್ಬರು ಹಿಡಿಯಲಿ ಎಂದು. ಎರಡರ ರಚನೆಯೂ ಬೇರೆ, ಜನರೂ ಬೇರೆ. ಘೋಷಣೆಗೆ ಮೊದಲು ಒಬ್ಬರ ಫಲಿತಾಂಶ ಇನ್ನೊಬ್ಬರಿಗೆ ಹೇಳುವಂತಿಲ್ಲ. 2012ರಲ್ಲಿ ಹಿಗ್ಸ್ ಸಿಗಬಹುದಾದ ಜಾಗದ ಅಂಕಿಗಳನ್ನು ತಮ್ಮಿಂದಲೇ ಮುಚ್ಚಿಟ್ಟುಕೊಂಡು ಕೆಲಸ ಮಾಡಿದರು. ಆಸೆ ಕಣ್ಣಿಗೆ ಕಟ್ಟಿ ಲೆಕ್ಕ ತಿರುಚಬಾರದಲ್ಲ! ವಿಧಾನವೆಲ್ಲ ಗಟ್ಟಿಯಾಗಿ ನಿಂತ ಮೇಲೆ, ಜೂನಿನಲ್ಲಿ ಮುಚ್ಚಳ ತೆಗೆದು ನೋಡಿದರು. ಆಗಲೂ ಒಂದು ಕಟ್ಟುಪಾಡಿತ್ತು. ಕಣವೇ ಇಲ್ಲದೆ, ಬರೀ ಆಕಸ್ಮಿಕದಿಂದ ಅಷ್ಟು ಉಬ್ಬು ಬರುವ ಸಾಧ್ಯತೆ ಸುಮಾರು 35 ಲಕ್ಷಕ್ಕೆ ಒಂದಕ್ಕೆ ಇಳಿಯುವವರೆಗೂ 'ಸಿಕ್ಕಿತು' ಎಂಬ ಮಾತು ಆಡುವಂತಿಲ್ಲ. ಏಕಾದಶಿಯ ಉಪವಾಸವನ್ನು ಅತ್ತೆ ಎಷ್ಟು ಕಟ್ಟುನಿಟ್ಟಾಗಿ ಮಾಡುತ್ತಿದ್ದರೋ ಅಷ್ಟೇ ಕಟ್ಟುನಿಟ್ಟಿನ ವ್ರತ ಇದು. ಬಯಸಿದ್ದನ್ನೇ ಕಾಣದಿರುವ ವ್ರತ.

ಅತ್ತೆಯ ಮೂವತ್ತು ದಿನ ಮುಗಿದು ಹಾಸನಕ್ಕೆ ಬಂದೆವು. ಆಗಸ್ಟಿನಲ್ಲಿ ಸುದ್ದಿ ಬಂತು: ಹೊಸ ಡಿಕ್ಕಿಗಳ ಲೆಕ್ಕ ಸೇರಿಸಿದ ಮೇಲೆ 750ರ ಉಬ್ಬು ಕರಗಿಹೋಗಿದೆ. ಎರಡೂ ತಂಡದವರು ಅದನ್ನು ತಾವೇ ಎದ್ದುನಿಂತು ಹೇಳಿದರು. ನಾನು ಅತ್ತೆಗೆ ಹೇಳಿದೆ. ಅಷ್ಟು ಹೊತ್ತಿಗೆ ಅವರಿಗೆ ಗಂಜಿ ಕುಡಿಯಲು, ನಾಲ್ಕು ಮಾತಾಡಲು ಆಗುತ್ತಿತ್ತು.

"ಸಿಗಲಿಲ್ಲ ಅಂತ ಅವರೇ ಹೇಳಿದ್ರಾ?"

"ಅವರೇ ಹೇಳಿದ್ರು."

"ದೊಡ್ಡವರು" ಎಂದರು ಅತ್ತೆ.

ಅವರು ಇನ್ನೂ ಎರಡೂವರೆ ವರ್ಷ ಬದುಕಿದರು.

2019ರ ಸೆಪ್ಟೆಂಬರಿನಲ್ಲಿ ಮಗಳ ಮನೆಗೆಂದು ಜ್ಯೂರಿಕ್‌ಗೆ ಹೋಗಿದ್ದಾಗ ಸರ್ನ್ ಎರಡು ದಿನ ಸಾರ್ವಜನಿಕರಿಗೆ ತೆರೆದಿತ್ತು. ಯಂತ್ರ ದುರಸ್ತಿಗೆಂದು ನಿಂತಿದ್ದ ಕಾಲವಾದ್ದರಿಂದ ನೂರು ಮೀಟರ್ ಕೆಳಗೆ ಇಳಿದು ನೋಡಲು ಬಿಟ್ಟರು. ನೀಲಿ ಬಣ್ಣದ ಕೊಳವೆಗಳ ಸಾಲು ಸುರಂಗದ ತಿರುವಿನಲ್ಲಿ ಮರೆಯಾಗುವವರೆಗೂ ಕಾಣುತ್ತಿತ್ತು. ಎಲ್ಲರೂ ಕಾಂತ ನೋಡುತ್ತಿದ್ದರೆ ನಾನು ಬಗ್ಗಿ ಅದರ ಕಾಲು ನೋಡಿದೆ. ಪ್ರತಿ ಕಾಂತವೂ ಮೂರು ಗಿಡ್ಡ ಜಾಕ್‌ಗಳ ಮೇಲೆ ಕೂತಿದೆ. ಅಷ್ಟು ಭಾರವನ್ನು ಹೊತ್ತುಕೊಂಡು, ಕೂದಲೆಳೆಯಷ್ಟು ಅತ್ತಿತ್ತ ಸರಿಸಲು ಬರುವ ಜಾಕ್‌ಗಳು. ಇಂಥ ಸುಮಾರು ಏಳು ಸಾವಿರ ಜಾಕ್‌ಗಳನ್ನು ಕೊಟ್ಟದ್ದು ಭಾರತ. ವಿನ್ಯಾಸ ಇಂದೋರಿನದು, ಅವುಗಳಲ್ಲಿ ಒಂದು ಪಾಲು ತಯಾರಾದದ್ದು ನಮ್ಮ ಬೆಂಗಳೂರಿನಲ್ಲಿ. ಮುಟ್ಟಿ ನಮಸ್ಕರಿಸಬೇಕು ಅನ್ನಿಸಿತು. ಮುಟ್ಟಲು ಬಿಡಲಿಲ್ಲ, ನಿಂತಲ್ಲಿಂದಲೇ ಕೈಮುಗಿದೆ.

ಮೇಲೆ ಬಂದ ಮೇಲೆ, 2004ರಲ್ಲಿ ಭಾರತ ಉಡುಗೊರೆಯಾಗಿ ಕೊಟ್ಟ ಎರಡು ಮೀಟರ್ ಎತ್ತರದ ನಟರಾಜನ ಮುಂದೆಯೂ ನಿಂತೆ. ಜನ ಅಲ್ಲಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಕಣಗಳ ಕುಣಿತಕ್ಕೂ ಶಿವನ ಕುಣಿತಕ್ಕೂ ಸಾಮ್ಯ ಹೇಳುವ ಮಾತು ಹಳೆಯದು, ಚೆಂದದ್ದು. ನನಗೆ ಮಾತ್ರ ಅವನ ಕಾಲಡಿಯ ಅಪಸ್ಮಾರನ ಮೇಲೆ ಕಣ್ಣು ನಿಂತಿತು. ಮರೆವಿನ, ಅಜ್ಞಾನದ ಕುಳ್ಳ. ಅವನನ್ನು ಕೊಲ್ಲುವುದಿಲ್ಲ ಶಿವ, ಒತ್ತಿಹಿಡಿದಿರುತ್ತಾನೆ. ಕಾಲೆತ್ತಿದರೆ ಅವನು ಎದ್ದುಬಿಡುತ್ತಾನೆ. ದಿನ ಬೆಳಗಾದರೆ ಚಪ್ಪಡಿ ಜೋಡಿಸಿ ಅಳೆಯುತ್ತಿದ್ದ ಮೈಸೂರಿನ ಆ ಹುಡುಗ ನೆನಪಾದ.

ಇಷ್ಟೆಲ್ಲ ಖರ್ಚು ಯಾಕೆ ಎಂದು ಕೇಳುವವರಿಗೆ ಲಿನ್ಯಾಕ್ ತೋರಿಸಿ ಬಾಯಿ ಮುಚ್ಚಿಸಬಹುದು. ನಾನು ಹಾಗೆ ಮಾಡುವುದಿಲ್ಲ. ಅತ್ತೆಗೆ ಸಿಕ್ಕಿದ ಎರಡೂವರೆ ವರ್ಷ ದೊಡ್ಡದೇ. ಆದರೆ ತಿಳಿಯುವ ಹಂಬಲಕ್ಕೆ ಉಪಯೋಗದ ಚೀಟಿ ಅಂಟಿಸಲೇಬೇಕಾಗಿಲ್ಲ. 1969ರಲ್ಲಿ ಅಮೆರಿಕದ ಫರ್ಮಿಲ್ಯಾಬ್ ಕಟ್ಟಲು ಹೊರಟಿದ್ದ ರಾಬರ್ಟ್ ವಿಲ್ಸನ್‌ರನ್ನು ಸಂಸತ್ತಿನ ಸಮಿತಿಯಲ್ಲಿ, ಈ ಯಂತ್ರದಿಂದ ದೇಶದ ರಕ್ಷಣೆಗೆ ಏನು ಲಾಭ ಎಂದು ಕೇಳಿದರು. ನೇರವಾಗಿ ಏನೂ ಇಲ್ಲ, ರಕ್ಷಿಸಲು ಯೋಗ್ಯವಾದ ದೇಶವಾಗಲು ಇದು ಬೇಕು ಎಂಬರ್ಥದ ಉತ್ತರ ಕೊಟ್ಟರು ಅವರು. ದೇವಸ್ಥಾನ ಕಟ್ಟಿದ ನಮ್ಮ ಹಳೇಬೀಡಿನ ಸೀಮೆಯವರಿಗೆ ಈ ಉತ್ತರ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಅತ್ತೆಗೆ ಉತ್ತರ. ಅತ್ತೆ, ಗುರುತು ನೀವೂ ನೋಡಿದಿರಿ, ಸರ್ನ್‌ನವರೂ ನೋಡಿದರು. ನಿಮ್ಮ ದೇವರು ನಿಮ್ಮ ಜೊತೆ ಇದ್ದ ಎಂಬುದನ್ನು ಆ ಮುಖವಾಡದೊಳಗೆ ಮಲಗಿದ ನೀವೇ ಬಲ್ಲಿರಿ. ಅದನ್ನು ಅಳೆಯಲು ಯಾವ ಯಂತ್ರವೂ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಅವರು ಮಾತ್ರ ತಮ್ಮ ಗುರುತು ಯಾವಾಗ ಸುಳ್ಳಾಗುತ್ತದೆ ಎಂದು ಮೊದಲೇ ಬರೆದಿಟ್ಟು ಆಮೇಲೆ ಹುಡುಕಲು ಹೊರಡುತ್ತಾರೆ. ಸುಳ್ಳಾದ ದಿನ ಒಪ್ಪಿಕೊಳ್ಳುತ್ತಾರೆ. ವ್ಯತ್ಯಾಸ ಇಷ್ಟೇ, ಮತ್ತು ಇದು ಸಣ್ಣದಲ್ಲ.

ಮೇಷ್ಟರು, ಮೇಡಂಗಳಲ್ಲಿ ನನ್ನದೊಂದು ಕೇಳಿಕೆ. ಮಕ್ಕಳ ಮುಂದೆ ಅದನ್ನು ದೇವಕಣ ಎನ್ನಬೇಡಿ. ಹಿಗ್ಸ್ ಬೋಸಾನ್ ಎನ್ನಿ. ಬೋಸಾನ್ ಎಂಬುದರಲ್ಲಿ ಕಲ್ಕತ್ತೆಯ ಸತ್ಯೇಂದ್ರನಾಥ ಬೋಸರ ಹೆಸರಿದೆ ಎಂದೂ ಹೇಳಿ. ಮತ್ತೆ, ಅದನ್ನು ಯಾರಾದರೂ ನೋಡಿದ್ದಾರಾ ಎಂದು ಯಾವ ಮಗುವಾದರೂ ಕೇಳಿದರೆ, ಆ ದಿನದ ಪಾಠ ಪಕ್ಕಕ್ಕಿಟ್ಟು ಆ ಪ್ರಶ್ನೆಯ ಜೊತೆ ಕೂತುಕೊಳ್ಳಿ.